ಬೋರ್ಡಿಲ್ಲದ ಬಸ್ಸು

ಆರ್‌ಸಿಬಿಗೆ ಮೊದಲ ಐಪಿಎಲ್ ಕಪ್ ಬಂದದ್ದು 2025ರಲ್ಲಿ. ಅಲ್ಲಿಯತನಕ ವರ್ಷವರ್ಷವೂ ‘ಈ ಸಲ ಕಪ್ ನಮ್ದೇ’ ಎಂಬ ಒಂದೇ ವಾಕ್ಯವನ್ನು, ಒಂದೇ ರಾಗದಲ್ಲಿ, ಅರ್ಥದ ಹಂಗಿಲ್ಲದೆ ಜಪಿಸುತ್ತಿದ್ದ ಬೆಂಗಳೂರಿಗೆ ಯಾರೂ ಎಕೋಲೇಲಿಯಾ (ಕೇಳಿದ ಮಾತನ್ನೇ ಮತ್ತೆ ಮತ್ತೆ ಹೇಳುವುದು) ಎಂದು ಚೀಟಿ ಬರೆದುಕೊಡಲಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ಬೆಳಗಿನ ವಾಕಿಂಗಿನಿಂದ ರಾತ್ರಿ ಬಿಪಿ ಮಾತ್ರೆ ನುಂಗುವ ತನಕ ಸೈಟಿನ ರೇಟು ಬಿಟ್ಟು ಬೇರೆ ಮಾತಾಡಿದ್ದನ್ನು ಕೇಳಿದವರಿಲ್ಲ. ಎದುರಿನವರು ಆಕಳಿಸಿದರೂ ನಿಲ್ಲಿಸುವವರಲ್ಲ. ಯಾರ ಮುಖವನ್ನೂ ನೋಡದೆ, ಆಕಾಶಕ್ಕೇ ರೇಟು ಹೇಳಿಕೊಂಡು ಹೋಗುತ್ತಾರೆ. ಅವರನ್ನು ಬಡಾವಣೆಯ ಸಂಘಕ್ಕೆ ಅಧ್ಯಕ್ಷರನ್ನಾಗಿ ಮಾಡಿಕೊಂಡಿದ್ದೇವೆ.

ಅದೇ ಬೀದಿಯ ಆರು ವರ್ಷದ ಹುಡುಗನೊಬ್ಬ ಬಿಎಂಟಿಸಿ ಬಸ್ಸಿನ ಬಗ್ಗೆ ಮಾತ್ರ ಮಾತಾಡುತ್ತಾನೆ. 335ಇ ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ, 500ಡಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ. ನಂಬರ್ ಪ್ಲೇಟಿನಲ್ಲಿ ಆರ್‌ಟಿಒ ನಂಬರಿನ ಪಕ್ಕ ‘ಎಫ್’ ಇದ್ದರೆ ಅದು ಸರ್ಕಾರಿ ಬಸ್ಸು ಎಂಬ ಜ್ಞಾನ ನನಗೆ ಬಂದದ್ದು ಅವನಿಂದಲೇ. ಥೆರಪಿ ಸೆಂಟರಿನಲ್ಲಿ ಆಟಿಸಂ ಎಂದು ಫೈಲು ತೆರೆದದ್ದು ಮಾತ್ರ ಇವನ ಹೆಸರಿನಲ್ಲಿ.

ಫೈಲಿನೊಳಗೆ ಗುರಿಗಳ ಪಟ್ಟಿಯೊಂದಿದೆ. ಮೊದಲನೆಯ ಗುರಿ: ಬಸ್ಸಿನ ಮಾತು ಕಡಿಮೆ ಮಾಡುವುದು. ಎರಡನೆಯದು: ಮಗು ಮಾತಾಡುವಂತೆ ಮಾಡುವುದು. ಇವೆರಡನ್ನೂ ಒಂದೇ ಪುಟದಲ್ಲಿ, ಒಂದೇ ಪೆನ್ನಿನಲ್ಲಿ ಬರೆದವರ ಧೈರ್ಯ ದೊಡ್ಡದು. ಆಟಿಕೆ ಬಸ್ಸು ಬೀರುವಿನ ಮೇಲೆ ಹೋಯಿತು. ಐದು ಹಣ್ಣಿನ ಹೆಸರು ಸರಿಯಾಗಿ ಹೇಳಿದರೆ ಎರಡು ನಿಮಿಷ ಕೆಳಗಿಳಿಯುತ್ತದೆ, ಆಮೇಲೆ ಮತ್ತೆ ಮೇಲೆ. ಆ ವಯಸ್ಸಿಗೇ ಮಗುವಿಗೆ ದಿನಗೂಲಿಯ ಪರಿಚಯ ಮಾಡಿಸುವ ವ್ಯವಸ್ಥೆ ಇದು. ಒಂದು ದಿನ ಸೆಂಟರಿನ ಮಿಸ್ ಚಿತ್ರದ ಕಾರ್ಡು ಹಿಡಿದು, “ಇದೇನು ಪುಟ್ಟಾ?” ಎಂದರು. ಕಾರ್ಡಿನಲ್ಲಿದ್ದದ್ದು ಲಂಡನ್ನಿನ ಕೆಂಪು ಡಬಲ್ ಡೆಕ್ಕರ್. ಹುಡುಗ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಬೋರ್ಡಿಲ್ಲ. ಎಲ್ಲಿಗೂ ಹೋಗಲ್ಲ,” ಎಂದ. ಫೈಲಿನಲ್ಲಿ ದಾಖಲಾದದ್ದು: ವಾಹನಗಳನ್ನು ಗುರುತಿಸುವುದಿಲ್ಲ.

ಒಳ್ಳೆಯ ಥೆರಪಿಸ್ಟುಗಳಿಲ್ಲವೆಂದಲ್ಲ. ಅವರು ಮೊದಲ ದಿನವೇ ನೆಲದ ಮೇಲೆ ಕೂತು “ಈ ಬಸ್ಸು ಎಲ್ಲಿಗೆ ಹೊರಟಿದೆ?” ಎಂದು ಕೇಳುತ್ತಾರೆ. ಅಂಥವರ ಬಾಗಿಲಲ್ಲಿರುವ ಕ್ಯೂ ಸಂಜೆ ಆರರ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಷ್ಟು ಉದ್ದ.

ಮಗುವಿನ ಗೀಳನ್ನೇ ದಾರಿ ಮಾಡಿಕೊಳ್ಳುವ ಈ ಉಪಾಯ ಹೊಸದಲ್ಲ. ಆಟಿಸಂ ಬಗ್ಗೆ ಮೊದಲ ಪ್ರಸಿದ್ಧ ಲೇಖನವನ್ನು ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಬರೆದದ್ದು 1943ರಲ್ಲಿ. ಅದರಲ್ಲಿದ್ದ 11 ಮಕ್ಕಳಲ್ಲಿ ಮೊದಲನೆಯವನು ಮಿಸಿಸಿಪ್ಪಿಯ ಡೊನಾಲ್ಡ್. ಎಣಿಸುವ, ಅಳೆಯುವ ಹುಚ್ಚು ಅವನಿಗೆ. ಊರಾಚೆಯ ಹೊಲದಲ್ಲಿದ್ದ ರೈತ ದಂಪತಿಯ ಜತೆ ಅವನನ್ನು ಬಿಟ್ಟಿದ್ದರು. ಪಾಪ, ಅವರಿಗೆ ಯಾವ ಸರ್ಟಿಫಿಕೇಟ್ ಕೋರ್ಸೂ ಆಗಿರಲಿಲ್ಲ. ಅಳೆಯುತ್ತೀಯಾ? ಸರಿ, ಬಾವಿ ತೋಡು, ಎಷ್ಟು ಆಳವಾಯಿತು ಹೇಳು ಎಂದರು. ಜೋಳದ ಸಾಲನ್ನು ಎಣಿಸಿದ್ದನ್ನೇ ಎಣಿಸುತ್ತಾನಾ? ನೇಗಿಲು ಕೈಗೆ ಕೊಟ್ಟು, ಉಳುತ್ತಾ ಎಣಿಸು ಎಂದರು. ಕ್ಯಾನರ್ ಹೋಗಿ ನೋಡಿದಾಗ ಹುಡುಗ ಕುದುರೆ ತಿರುಗಿಸಿಕೊಂಡು ಉಳುತ್ತಿದ್ದ. ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿ, ಕಾರು ಓಡಿಸಿ, ಗಾಲ್ಫ್ ಆಡಿ, ದೇಶ ದೇಶ ತಿರುಗಿ, 2023ರಲ್ಲಿ ತಮ್ಮ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಬಾವಿಯನ್ನು ಬೀರುವಿನ ಮೇಲಿಡಲು ಬರದೇ ಇದ್ದದ್ದು ಅವರ ಪುಣ್ಯ.

ನಮ್ಮ ಹುಡುಗನಿಗೂ ಅಂಥದೊಂದು ವಿಶ್ವವಿದ್ಯಾಲಯವಿದೆ: ಅವನ ಅಜ್ಜಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಅಜ್ಜಿಗೆ ಬಸ್ಸು ಬಿಟ್ಟಿ. ಮೊಮ್ಮಗನಿಗೆ ಒಂದು ಹಾಫ್ ಟಿಕೆಟು ತೆಗೆದರೆ ಮುಗಿಯಿತು. ಕೊನೆಯ ಸ್ಟಾಪಿಗೆ ಹೋಗುವುದು, ಅದೇ ಬಸ್ಸಿನಲ್ಲಿ ವಾಪಸು ಬರುವುದು. ಬೋರ್ಡು ನೋಡಿ ನೋಡಿಯೇ ಹುಡುಗ ಕನ್ನಡ ಓದಲು ಕಲಿತ. ‘ಅ’ ಅರಸ ಬಿಟ್ಟು ‘ಯ’ ಯಶವಂತಪುರದಿಂದ ಶುರುವಾಯಿತು ವರ್ಣಮಾಲೆ. ಟಿಕೆಟಿನ ಕಾಸು ಅವನ ಕೈಯಲ್ಲೇ. ಚಿಲ್ಲರೆ ಕಡಿಮೆ ಬಂದರೆ ಕಂಡಕ್ಟರನ್ನು ಬಿಡುವುದಿಲ್ಲ. ಕಂಡಕ್ಟರ್ “ಮುಂದೆ ಹೋಗಿ, ಮುಂದೆ ಹೋಗಿ” ಎಂದಾಗಲೆಲ್ಲ ಅದೇ ದನಿಯಲ್ಲಿ ಇವನೂ “ಮುಂದೆ ಹೋಗಿ” ಎನ್ನುತ್ತಾನೆ. ಸೆಂಟರಿನಲ್ಲಿ ಇದಕ್ಕೆ ಕೆಂಪು ಗುರುತು ಬೀಳುತ್ತದೆ. ಬಸ್ಸಿನಲ್ಲಿ ಜನ ನಿಜಕ್ಕೂ ಮುಂದೆ ಹೋಗುತ್ತಾರೆ.

ಹುಡುಗ ಬೋರ್ಡು ನೋಡಿಯೇ ಓದು ಕಲಿತ ಸುದ್ದಿ ತಿಳಿದ ಮೇಲೆ ನೆಂಟರ ವರಸೆ ಬದಲಾಯಿತು. ದೊಡ್ಡಪ್ಪ ಹುಡುಗನ ಅಮ್ಮನಿಗೆ ಫೋನು ಮಾಡಿ, “ಅಲ್ಲಮ್ಮಾ, ಇಷ್ಟು ಜ್ಞಾಪಕಶಕ್ತಿ ಇರೋ ಮಗೂನ ಬಸ್ಸಿಗೆ ಹಾಳು ಮಾಡ್ತೀಯಲ್ಲ! ಕೋಡಿಂಗಿಗೆ ಹಾಕು,” ಎಂದರು. ಚಿಕ್ಕಮ್ಮ ರೆಕಾರ್ಡ್ ಪುಸ್ತಕದ ಫಾರಂ ಕಳಿಸಿದರು. ಅತ್ತೆ ‘ತಾರೆ ಜಮೀನ್ ಪರ್’ ನೋಡಲು ಹೇಳಿದರು. ಆ ಸಿನಿಮಾದ ಹುಡುಗನಿಗಿದ್ದದ್ದು ಡಿಸ್ಲೆಕ್ಸಿಯಾ ಎಂದರೆ, “ಯಾವುದಾದರೇನೇ, ನಾನಂತೂ ಅತ್ತುಬಿಟ್ಟೆ,” ಎಂದರು. ನಿನ್ನೆಯ ತನಕ ಗೀಳಾಗಿದ್ದದ್ದು ಪ್ರತಿಭೆಯಾಗಬೇಕಾದರೆ ಅದರಿಂದ ಸಂಬಳವೋ ಸರ್ಟಿಫಿಕೇಟೋ ಬರಬೇಕು. ಸುಮ್ಮನೆ ಖುಷಿಗೆ ಬಸ್ಸು ನೋಡುವ ಹಕ್ಕು ಈ ಮಗುವಿಗಿಲ್ಲ. ದೊಡ್ಡಪ್ಪನಿಗೆ ಮಾತ್ರ ಸುಮ್ಮನೆ ಖುಷಿಗೆ ದಿನಕ್ಕೆ ನಾಲ್ಕು ತಾಸು ಧಾರಾವಾಹಿ ನೋಡುವ ಹಕ್ಕಿದೆ.

ಏಪ್ರಿಲ್ 2 ಬಂತು. ವಿಶ್ವಸಂಸ್ಥೆ 2007ರಲ್ಲಿ ಗೊತ್ತುಮಾಡಿದ ಆಟಿಸಂ ಜಾಗೃತಿ ದಿನ. ಶಾಲೆಯಲ್ಲಿ ನೀಲಿ ಬಲೂನು, ನೀಲಿ ದೀಪ. ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುವ ಮಕ್ಕಳ ಗೌರವಾರ್ಥ ಆಳೆತ್ತರದ ಸ್ಪೀಕರು. ಒಂದೂವರೆ ತಾಸು ತಡವಾಗಿ ಬಂದ ಮುಖ್ಯ ಅತಿಥಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನೂ ಅದರಲ್ಲಿರುವ ಅಂಗವೈಕಲ್ಯದ 21 ವಿಧಗಳನ್ನೂ ಚೀಟಿ ನೋಡಿಕೊಂಡು ಓದಿದರು. ಆಮೇಲೆ ಹುಡುಗನನ್ನು ವೇದಿಕೆಗೆ ಕರೆಸಿ, “ಹೇಳು ಮರಿ, ನಾನು ಹುಟ್ಟಿದ್ದು ಯಾವ ವಾರ?” ಎಂದು ತಾರೀಖು ಕೊಟ್ಟರು. ಇಂಥ ಮಕ್ಕಳಿಗೆಲ್ಲ ಅದು ಬರುತ್ತದೆಂದು ಅವರಿಗೆ ಯಾರೋ ಹೇಳಿದ್ದರಂತೆ.

ಹುಡುಗ ಅವರನ್ನು ನೇರ ನೋಡಿ, “ನೀವು ಯಾವ ಬಸ್ಸಲ್ಲಿ ಬಂದ್ರಿ?” ಎಂದ.

“ಕಾರಲ್ಲಿ ಬಂದೆ ಮರಿ.”

ಹುಡುಗ ಸೀದಾ ವೇದಿಕೆ ಇಳಿದು ಅಜ್ಜಿಯ ಪಕ್ಕ ಕೂತ. ಸಂಜೆ ಫೈಲಿಗೆ ಹೊಸ ಸಾಲು ಬಿತ್ತು: ಸಂಭಾಷಣೆ ತಾನಾಗಿ ಆರಂಭಿಸುವುದಿಲ್ಲ.