ಪುಕ್ಕಟೆ ಸಂಭ್ರಮದ ಸಂಘಟಕ

ಪ್ರತಿ ಸರ್ಕಾರಿ ಶಾಲೆಗೂ ಒಂದು ನಿರ್ವಹಣಾ ಸಮಿತಿ ಇರಬೇಕೆಂದೂ, ಅದರ ಸದಸ್ಯರಲ್ಲಿ ಮುಕ್ಕಾಲು ಪಾಲಾದರೂ ಮಕ್ಕಳ ತಂದೆತಾಯಿಗಳೋ ಪೋಷಕರೋ ಆಗಿರಬೇಕೆಂದೂ, ಅರ್ಧದಷ್ಟು ಹೆಂಗಸರಿರಬೇಕೆಂದೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಸೆಕ್ಷನ್ ವಿಧಿಸಿತು. ಆದರೆ ಆ ಸಮಿತಿಯ ಗರ್ಭದಿಂದ ಪುಕ್ಕಟೆ ಸಂಭ್ರಮದ ಸಂಘಟಕನೆಂಬ ಮನುಷ್ಯ ಅವತರಿಸುವನೆಂಬುದನ್ನು ಮಾತ್ರ ಅದು ಮುಂಗಾಣಲಿಲ್ಲ. ಶಾಲೆಯ ಮಕ್ಕಳೂ ಅವರ ಮನೆಮಂದಿಯೂ ಒಂದೆಡೆ ಸೇರಿ ಆಡಿ, ಉಂಡು, ನಕ್ಕು ಹೋಗುವ ದಿನವನ್ನು ಕಾಸು ಬಿಚ್ಚದೆ ನಡೆಸಿಕೊಡುವವನು ಎಂಬುದು ಈತನ ಸ್ಥೂಲ ಲಕ್ಷಣ. ಕಾಸಿಲ್ಲದೆ ನಡೆದ ಕಾರ್ಯದ ಭಾರವನ್ನು ಹೊತ್ತವರು ಯಾರೆಂಬ ಪ್ರಶ್ನೆಯನ್ನು ಮುಂದೆ ವಿಚಾರಿಸಲಾಗುವುದು.

ಅನಂತಪುರ ಜಿಲ್ಲೆಯ ಬೊಮ್ಮನಹಾಳ್ ಸೀಮೆ ಈತನಿಗೆ ಹೇಳಿ ಮಾಡಿಸಿದ ನೆಲ. 1953ರ ಅಕ್ಟೋಬರ್ 1ರಂದು ಈ ಸೀಮೆಯನ್ನೊಳಗೊಂಡ ರಾಯದುರ್ಗ ತಾಲ್ಲೂಕು ಬಳ್ಳಾರಿಯ ನಂಟು ಕಡಿದುಕೊಂಡು ಆಂಧ್ರಕ್ಕೆ ಸೇರಿತಾದರೂ ಇಲ್ಲಿಯವರಿಗೆ ಅನಂತಪುರಕ್ಕಿಂತ ಬಳ್ಳಾರಿಯೇ ಹತ್ತಿರ, ಕನ್ನಡ ಮಾಧ್ಯಮದ ಶಾಲೆಗಳೂ ಉಳಿದುಕೊಂಡಿವೆ. ಆದ್ದರಿಂದ ಸಮಾರಂಭದ ಬ್ಯಾನರ್ ಕನ್ನಡ, ತೆಲುಗು ಎರಡರಲ್ಲೂ ಇರಬೇಕೆಂಬ ಒತ್ತಾಯ ಸಹಜವಾಗಿ ಬರುತ್ತದೆ. ಫ್ಲೆಕ್ಸ್ ಮುದ್ರಿಸುವವರು ಅಕ್ಷರಕ್ಕಲ್ಲ, ಚದರ ಅಡಿಗೆ ದುಡ್ಡು ಕೇಳುವವರಾದ್ದರಿಂದ ಸಂಘಟಕನು ಇಸವಿ, ಶಾಲೆಯ ಹೆಸರು, ಸಂದರ್ಭ ಮೂರನ್ನೂ ಕೈಬಿಟ್ಟು ಎರಡು ಲಿಪಿಗಳಲ್ಲಿ ಸುಸ್ವಾಗತವನ್ನಷ್ಟೇ ಹಾಕಿಸುತ್ತಾನೆ. ಅದೇ ಫ್ಲೆಕ್ಸ್ ಗಣಪತಿ ಪೆಂಡಾಲಿಗೂ, ಸ್ವಾತಂತ್ರ್ಯ ದಿನಕ್ಕೂ, ಆತನ ಅಣ್ಣನ ಮಗಳ ಮದುವೆಗೂ ಸಲ್ಲುತ್ತದೆ. ಬಣ್ಣ ಮಾಸಿದ ಮೇಲೆ ಶೇಂಗಾ ರಾಶಿಯ ಮೇಲೆ ಬಿದ್ದುಕೊಂಡು ಮಳೆಯನ್ನು ಸ್ವಾಗತಿಸುತ್ತದೆ.

2024ರ ಡಿಸೆಂಬರ್ 7ರಂದು ಆಂಧ್ರ ಸರ್ಕಾರವು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಒಂದೇ ದಿನ ಪೋಷಕರ ಮತ್ತು ಶಿಕ್ಷಕರ ಮಹಾಸಭೆ ನಡೆಸಿ, ತಾಯಂದಿರಿಗೆ ರಂಗೋಲಿ ಸ್ಪರ್ಧೆಯನ್ನೂ ತಂದೆಯರಿಗೆ ಹಗ್ಗಜಗ್ಗಾಟವನ್ನೂ ಇರಿಸಿ, ಮಕ್ಕಳ ಮಧ್ಯಾಹ್ನದ ಊಟದಲ್ಲೇ ಹೆತ್ತವರಿಗೂ ಎಲೆ ಹಾಕಿಸಿದಾಗ ಸಂಘಟಕನಿಗೆ ತನ್ನ ಸಿದ್ಧಾಂತಕ್ಕೆ ರಾಜಮುದ್ರೆ ಬಿದ್ದಂತಾಯಿತು. ಹಗ್ಗ ಯಾವುದಾದರೂ ಟ್ರ್ಯಾಕ್ಟರಿನಲ್ಲಿ ಇದ್ದೇ ಇರುತ್ತದೆ, ರಂಗೋಲಿ ಪುಡಿಯಿಲ್ಲದ ಮನೆಯಿಲ್ಲ, ಎಂದಮೇಲೆ ‘ಪಟ್ಟಿ’ ಎತ್ತುವ ಅಗತ್ಯವೇನು ಎಂಬುದು ಆತನ ವಾದ. ಪಟ್ಟಿ ಎಂದರೆ ಊರ ಕಾರ್ಯಕ್ಕೆ ಮನೆಮನೆಯಿಂದ ಎತ್ತುವ ಚಂದಾ. ಅದನ್ನು ಎತ್ತಿದವನು ಲೆಕ್ಕ ಕೊಡಬೇಕಾಗುತ್ತದೆ ಎಂಬ ಭಯವೂ ಈ ವಾದದ ಹಿಂದೆ ಇರುವುದನ್ನು ಅಲ್ಲಗಳೆಯಲಾಗದು.

ಸ್ಥಳದ ಆಯ್ಕೆಯಲ್ಲಿ ಈತನ ಪ್ರತಿಭೆ ಪೂರ್ಣವಾಗಿ ಬೆಳಗುತ್ತದೆ. ವೇದಾವತಿ ಎಂಬ ಇನ್ನೊಂದು ಹೆಸರುಳ್ಳ ಹಗರಿ ನದಿ ವರ್ಷದ ಬಹುಪಾಲು ಬತ್ತಿರುತ್ತದೆ. ಅದರ ಮರಳು ಗಾಳಿಗೆದ್ದು ದರ್ಗಾ ಹೊನ್ನೂರಿನ ಸುತ್ತ ಹೊಲಗಳ ಮೇಲೆ ದಿಬ್ಬಗಟ್ಟಿದೆ. ನೆಲ ಮರುಭೂಮಿಯಾಗುವುದಕ್ಕೆ ಉದಾಹರಣೆಯೆಂದು ತಜ್ಞರು ಚಿಂತೆಯಿಂದ ತೋರಿಸುವ ಈ ಮರಳು ಸಂಘಟಕನ ಕಣ್ಣಿಗೆ ಸಮುದ್ರವೊಂದನ್ನು ಬಿಟ್ಟು ಉಳಿದೆಲ್ಲವೂ ಇರುವ ಸಮುದ್ರ ದಂಡೆ. ಬಿದ್ದರೆ ಮೊಣಕಾಲು ತರಚದಾದ್ದರಿಂದ ಕಬಡ್ಡಿಗೆ ಟಿಂಚರಿನ ಖರ್ಚಿಲ್ಲ. ರಾಯದುರ್ಗದ ಜೀನ್ಸ್ ಹೊಲಿಗೆಯವರು ಬಿಸಾಡಿದ ಬಟ್ಟೆಚೂರುಗಳನ್ನು ಕೂಡಿಸಿ ಹೊಲಿದ ಚೀಲಗಳಿರುವುದರಿಂದ ಗೋಣಿಚೀಲದ ಓಟಕ್ಕೆ ಗೋಣಿಯ ಖರ್ಚೂ ಇಲ್ಲ. ಹಗಲಿಗೆ ಮರಳು ಕಾಯುವುದರಿಂದ ಆಟ ಸಂಜೆಗೆ, ಜನರೇಟರ್ ಬಾಡಿಗೆ ತಪ್ಪಿಸುವುದಕ್ಕಾಗಿ ಊಟ ಹುಣ್ಣಿಮೆಗೆ. ಇದಕ್ಕೆ ಆತ ಬೆಳದಿಂಗಳ ಊಟವೆಂದು ಹೆಸರಿಟ್ಟು ರಸಿಕನೆನಿಸಿಕೊಳ್ಳುತ್ತಾನೆ. ಮಕ್ಕಳಿಗಂತೂ, ಒಪ್ಪಿಕೊಳ್ಳಲೇಬೇಕು, ದುಡ್ಡು ಸುರಿದ ಯಾವ ವಾರ್ಷಿಕೋತ್ಸವವೂ ಇಷ್ಟು ಹಿಡಿಸುವುದಿಲ್ಲ.

ಊಟವೆಂದರೆ ವಗ್ಗರಣಿ ಮಿರ್ಚಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಹುರಿಗಡಲೆ ಪುಡಿ ಉದುರಿಸಿದ ಈ ತಿಂಡಿಯನ್ನು ಗಡಿಯ ತೆಲುಗರು ಉಗ್ಗಾನಿ ಎಂದು ಕರೆದು ಅಷ್ಟೇ ಪ್ರೀತಿಯಿಂದ ತಿನ್ನುವರಾದ್ದರಿಂದ ಭಾಷಾ ವಿವಾದಕ್ಕೂ ಇಲ್ಲಿ ಎಡೆಯಿಲ್ಲ. ಮಂಡಕ್ಕಿ ಅಗ್ಗ, ಆದರೆ ಅದರ ಜೊತೆಯ ಮಿರ್ಚಿಯನ್ನು, ಎಂದರೆ ಮೆಣಸಿನಕಾಯಿ ಬಜ್ಜಿಯನ್ನು, ನೂರಾರು ಮಂದಿಗೆ ಕರಿಯುವ ಕಡಾಯಿ ಅಗ್ಗವಲ್ಲ.

“ಅಕ್ಕಾ, ನಿಮ್ಮ ಮನ್ಯಾಗ ಮದುವಿ ಕಡಾಯಿ ಐತಲ್ಲ, ಒಂದಿನದ ಮಟ್ಟಿಗೆ ಕೊಡ್ರಿ” ಎಂದು ಆತ ಬಾಗಿಲಲ್ಲಿ ನಿಲ್ಲುತ್ತಾನೆ.

“ಕೊಡಾಕೇನಣ್ಣ, ತಗಂಡ್ ಹೋಗ್ರಿ. ಹೋದ ಸಲ ಮಸಿ ಸಮೇತ ಬಂತು, ತಿಕ್ಕಿದಾಕಿ ನಾನು” ಎಂಬ ಉತ್ತರ ಬರುತ್ತದೆ.

ಬೆಳದಿಂಗಳ ಊಟವನ್ನು ಹೊಗಳುವವರು ಈ ಹಂತವನ್ನು ವಿವರಿಸದೆ ಬಿಡುವುದು ರೂಢಿ. ಈರುಳ್ಳಿ ಹೆಚ್ಚುವುದು, ಹಿಟ್ಟು ಕಲಸುವುದು, ಎಣ್ಣೆಯ ಮುಂದೆ ಬೆವರುವುದು, ಮಂದಿಯೆಲ್ಲ ಎದ್ದುಹೋದ ಮೇಲೆ ಮರಳಿನಿಂದ ಲೋಟ ಹೆಕ್ಕುವುದು ಇವು ಯಾವುವೂ ಸಂಘಟಕನ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ, ಏಕೆಂದರೆ ಆ ಪುಸ್ತಕದಲ್ಲಿ ರಸೀದಿ ಇಲ್ಲದ ಬಾಬತ್ತಿಗೆ ಕಾಲಮ್ಮಿಲ್ಲ. ಸಮಿತಿಯ ಅರ್ಧ ಹೆಂಗಸರದೆಂಬ ಕಾಯ್ದೆಯ ವಿಧಿಯನ್ನು ಆತ ಅಕ್ಷರಶಃ ಪಾಲಿಸಿ, ಕೆಲಸವನ್ನು ಮಾತ್ರ ಆ ಅರ್ಧಕ್ಕೇ ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದಾನೆ.

ಮರುವಾರ ಸಭೆ ಸೇರಿದಾಗ ಆತ ಎದ್ದು ನಿಂತು, ಎಣ್ಣೆ ಮತ್ತು ಕಡಲೆಹಿಟ್ಟಿನ ಹೊರತು ಬೇರೆ ವೆಚ್ಚವಿಲ್ಲವೆಂದು ಓದಿ ಚಪ್ಪಾಳೆಗಾಗಿ ಕಾಯುತ್ತಾನೆ. ಚಪ್ಪಾಳೆ ಗಂಡಸರ ಸಾಲಿನಿಂದ ಬರುತ್ತದೆ. ಹೆಂಗಸರ ಸಾಲಿನಿಂದ ಬರುವುದು, ಮುಂದಿನ ಹುಣ್ಣಿಮೆಗೆ ಮಿರ್ಚಿ ಕರಿಯುವುದನ್ನೂ ಕಡಾಯಿ ತಿಕ್ಕುವುದನ್ನೂ ತಂದೆಯರಿಗೆ ಒಪ್ಪಿಸಿದರೆ ಅದಕ್ಕೂ ಖರ್ಚಿಲ್ಲವಲ್ಲ ಎಂಬ ಒಂದು ಸಲಹೆ. ಸಂಘಟಕನು ಅದನ್ನು ನಡಾವಳಿ ಪುಸ್ತಕದಲ್ಲಿ ಸುಂದರವಾದ ಅಕ್ಷರಗಳಲ್ಲಿ ಬರೆದುಕೊಂಡು, ಪಕ್ಕದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಷರಾ ಹಾಕುತ್ತಾನೆ.