ಮಾನವಶಾಸ್ತ್ರದ ಹುಡುಗ

ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರ ಕಣ್ಣು ಒಬ್ಬಟ್ಟಿನ ಮೇಲಿದ್ದರೆ ಇವನ ಕಣ್ಣು ಯಾರು ಯಾರ ಪಕ್ಕ ಕೂತರು ಎಂಬುದರ ಮೇಲೆ. ಹೆಗಲಿಗೆ ಜೋಳಿಗೆ, ಜುಬ್ಬದ ಜೇಬಿನಲ್ಲಿ ಪುಟ್ಟ ನೋಟ್‌ಬುಕ್ಕು. ಮಾನಸಗಂಗೋತ್ರಿಯಲ್ಲಿ ಮಾನವಶಾಸ್ತ್ರ ಓದುವವನನ್ನು ಗುರುತಿಸಲು ಇಷ್ಟು ಸಾಕು. ಬಡಿಸುವವರು “ಅನ್ನ?” ಅಂದರೆ, “ಗಂಡಿನ ಕಡೆಯವರಿಗೇ ಮೊದಲು ಯಾಕೆ ಬಡಿಸಿದ್ರಿ?” ಅನ್ನುತ್ತಾನೆ. ಅನ್ನ ಮುಂದಿನ ಎಲೆಗೆ ಹೋಗುತ್ತದೆ.

“ಓದಿ ಏನು ಕೆಲಸ ಸಿಗುತ್ತಪ್ಪ?” ಎಂದು ಕೇಳುವವರಿಗೆ ಉತ್ತರ ಬಾಯಿಪಾಠ. 1945ರಲ್ಲಿ ಶುರುವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ ಇದೆ, ಅದರ ದಕ್ಷಿಣದ ಕೇಂದ್ರ ಮೈಸೂರಲ್ಲೇ ಇದೆ, ಭೋಪಾಲದಲ್ಲಿ ಮಾನವ ಸಂಗ್ರಹಾಲಯವಿದೆ, ಜನ ಮೊಬೈಲನ್ನು ಹೇಗೆ ಬಳಸುತ್ತಾರೆಂದು ನೋಡಿ ಬರಲು ಸಂಬಳ ಕೊಡುವ ಕಂಪನಿಗಳು ಬೆಂಗಳೂರಿನಲ್ಲಿವೆ. ದೊಡ್ಡಪ್ಪ ಎಲ್ಲವನ್ನೂ ಸಾವಧಾನವಾಗಿ ಕೇಳಿ, “ಯಾವುದಕ್ಕೂ ಒಂದು ಬಿ.ಇಡಿ. ಮಾಡಿಟ್ಟುಕೋ” ಅನ್ನುತ್ತಾರೆ.

ಅವನ ಹೊಟ್ಟೆ ಉರಿಯುವುದು ಅದಕ್ಕಲ್ಲ. ಐಎಎಸ್ ಪರೀಕ್ಷೆಯಲ್ಲಿ ಮಾನವಶಾಸ್ತ್ರಕ್ಕೆ ಎರಡು ಪತ್ರಿಕೆ, 500 ಅಂಕ. ಅದನ್ನು ಮುಗಿಬಿದ್ದು ಆರಿಸಿಕೊಳ್ಳುವವರಲ್ಲಿ ಎಂಜಿನಿಯರುಗಳು ಬೇಕಾದಷ್ಟು. ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರುಗಳಲ್ಲಿ ವಿಚಾರಿಸಿದರೆ “ಸಿಲಬಸ್ ಚಿಕ್ಕದು ಗುರೂ” ಎನ್ನುತ್ತಾರೆ. ಆದಿವಾಸಿಗಳ ಹಾಡಿಯ ಮುಖ ನೋಡದವರು ಡಿ.ಸಿ. ಆಗಿ ಕೂರುತ್ತಾರೆ, ಹಾಡಿಗೆ ಹೋಗಲು ಇವನು ಅರ್ಜಿ ಹಿಡಿದು ಅವರ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಾನೆ.

ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬರ ಹಾಡಿಯೊಂದರಲ್ಲಿ ನಡೆದದ್ದನ್ನು ಅವನು ವರದಿಯಲ್ಲಿ ಬರೆದಿಲ್ಲ. ಕುಲ, ಮದುವೆ ಎಂದು ಒಂದೊಂದೇ ಪ್ರಶ್ನೆ ಎತ್ತುತ್ತಿದ್ದಾಗ ಹಿರಿಯರೊಬ್ಬರು ಬೀಡಿ ಹಚ್ಚಿಕೊಂಡು, “ಹೋದ್ವರ್ಷ ಬಂದೋರು ಇಷ್ಟೊತ್ಗೆ ಜೇನು ಕೀಳೋ ವಿಚಾರಕ್ಕೆ ಬಂದಿದ್ರು ಸಾ, ನೀವು ಬಲೇ ನಿಧಾನ” ಅಂದರಂತೆ. ಆಮೇಲೆ ಪ್ರಶ್ನೆಗಳೆಲ್ಲ ಅವರವೇ: ನಿಮ್ಮದು ಯಾವ ಕುಲ, ಮದುವೆ ಯಾಕಾಗಿಲ್ಲ, ಇದನ್ನ ಬರೆದರೆ ಸಂಬಳ ಎಷ್ಟು ಕೊಡ್ತಾರೆ.

ವರದಿ ತಡವಾದರೆ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಹೆಸರು ಹೇಳುತ್ತಾನೆ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರು ತಿದ್ದಿ ಜೋಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟವು, ರಾಂಪುರವೆಂಬ ಹಳ್ಳಿಯ ಬಗ್ಗೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. “ಸುಡೋಕಾದ್ರೂ ನೀನು ಏನಾದ್ರೂ ಬರೆದಿರಬೇಕಲ್ಲಪ್ಪ” ಎನ್ನುತ್ತಾರೆ ಇವನಮ್ಮ.

ಬರೆದದ್ದು ಒಂದೇ: ಮನೆತನದ ನಕ್ಷೆ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ಸೊನ್ನೆ, ಮದುವೆಗೆ ಎರಡು ಗೀಟು. ಸೋದರಮಾವನ ಮಗಳನ್ನು, ಅಕ್ಕನ ಮಗಳನ್ನು ಮಾಡಿಕೊಂಡವರೇ ತುಂಬಿದ ಮನೆತನವಾದ್ದರಿಂದ ಹೊರಗೆ ಹೊರಟ ಗೀಟುಗಳೆಲ್ಲ ಸುತ್ತಿ ಬಳಸಿ ಅದೇ ಹಜಾರಕ್ಕೆ ವಾಪಸಾಗುತ್ತಿದ್ದವು. ಎಲ್ಲರೂ ನಕ್ಕರು. ಅಷ್ಟರಲ್ಲಿ ತಾತನ ಜಮೀನಿನ ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ವಂಶವೃಕ್ಷ ಕೇಳಿದರು. ನಕ್ಕವರಲ್ಲಿ ಒಬ್ಬರಿಗೂ ತಾತನ ಎರಡನೇ ಹೆಂಡತಿಯ ಹೆಸರು ಗೊತ್ತಿರಲಿಲ್ಲ. ಅದು ಇದ್ದದ್ದು ಹುಡುಗನ ನೋಟ್‌ಬುಕ್ಕಿನಲ್ಲಿ ಮಾತ್ರ. ದೊಡ್ಡಪ್ಪ ಕಾಫಿ ತರಿಸಿ, ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, “ಬಹಳ ಚೆನ್ನಾಗಿ ಬರೆದಿದ್ದೀಯ. ಈ ಸೊನ್ನೆಗಳನ್ನ ಮಾತ್ರ ತೆಗೆದುಬಿಡು” ಅಂದರು.

ಹುಡುಗ ತೆಗೆಯಲಿಲ್ಲ. “ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಸೊನ್ನೆಗಳಿಗೂ ಸಮಪಾಲು, ದೊಡ್ಡಪ್ಪ” ಅಂದ.

ಖಾತೆ ಇನ್ನೂ ಆಗಿಲ್ಲ. ಪಿಎಚ್.ಡಿ. ಫೀಸನ್ನು ಮೂವರು ಅತ್ತೆಯರು ಸೇರಿ ಕಟ್ಟಿದ್ದಾರೆ.