ಎಂಡಿ5 ಸಾಹೇಬರು

ಬೆಂಗಳೂರಿನ ಹತ್ತು ಸಾಫ್ಟ್‌ವೇರ್ ಕಚೇರಿ ಹೊಕ್ಕರೆ ಎಂಟರಲ್ಲಾದರೂ ಇವರು ಸಿಗುತ್ತಾರೆ. ಕುರ್ಚಿ ಬೆನ್ನಿಗೆ ಜಾಕೆಟ್, ಕೊರಳಲ್ಲಿ ಬ್ಯಾಡ್ಜ್, ಬಾಯಲ್ಲಿ "ನಮ್ ಕಾಲದಲ್ಲಿ". ಬಳಕೆದಾರರ ಪಾಸ್‌ವರ್ಡ್ ಹೇಗೆ ಇಡ್ತೀರಿ ಎಂದು ಕೇಳಿ ನೋಡಿ. "ಎಂಡಿ5 ಇರೋವಾಗ ಭಯ ಯಾಕೆ?"

ರಾನ್ ರಿವೆಸ್ಟ್ 1991ರಲ್ಲಿ ರೂಪಿಸಿದ ಈ ಹ್ಯಾಶ್ (ಪಾಸ್‌ವರ್ಡನ್ನು ಗುರುತು ಸಿಗದ ಅಕ್ಷರಸಾಲಾಗಿಸುವ ಲೆಕ್ಕ) ಚುರುಕಾಗಿ ಓಡಲೆಂದೇ ಹುಟ್ಟಿದ್ದು. ಚುರುಕು ಕಳ್ಳನಿಗೂ ಅಷ್ಟೇ ಒದಗುತ್ತದೆ. ಇವತ್ತಿನ ಒಳ್ಳೆಯ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ ಸಾವಿರಾರು ಕೋಟಿ ಊಹೆ ಹಾಕಿ ನೋಡುತ್ತದೆ. ಇದನ್ನು ಸಾಹೇಬರಿಗೆ ಹೇಳಿದರೆ, "ನಮ್ ಡೇಟಾಬೇಸ್ ಯಾರಪ್ಪ ಕದೀತಾರೆ?"

ಹೊಸದಾಗಿ ಸೇರಿದ ಹುಡುಗಿ ಅವರ ಪಾಸ್‌ವರ್ಡ್ ಟೇಬಲ್ ತೆರೆದಳು. ಸಾಲಿನ ಮೇಲೆ ಸಾಲು ಇ10ಎಡಿಸಿ39 ಎಂದೇ ಶುರು. "ಇವರೆಲ್ಲ 123456 ಇಟ್ಕೊಂಡಿದಾರೆ ಸಾರ್," ಎಂದಳು, ಕೀಬೋರ್ಡ್ ಮುಟ್ಟದೆ. ಸಾಹೇಬರು ಅವತ್ತೇ ಸಂಜೆ ಎಂಡಿ5ಗೆ ಇನ್ನೊಂದು ಎಂಡಿ5 ಮಾಡಿಸಿದರು. ಹ್ಯಾಶ್ ಮಾಡುವ ಮುನ್ನ ಪಾಸ್‌ವರ್ಡಿಗೆ ಬೆರೆಸುವ ಸಾಲ್ಟೂ ಹಾಕಿದರು. ಎಲ್ಲರಿಗೂ ಒಂದೇ ಸಾಲ್ಟು: ಕಂಪನಿಯ ಹೆಸರು. ಸಾಲುಗಳು ಬೇರೆ ವೇಷ ತೊಟ್ಟು ಮತ್ತೆ ಒಂದರಂತೆ ಒಂದು ನಿಂತವು.

"2012ರಲ್ಲಿ ಲಿಂಕ್ಡ್‌ಇನ್‌ನಿಂದ 65 ಲಕ್ಷ ಹ್ಯಾಶ್ ಹೊರಗೆ ಬಂತಲ್ಲ ಸಾರ್..."

"ಅದು ಎಸ್‌ಎಚ್‌ಎ-1. ನಮ್ದು ಎಂಡಿ5."

ವಾದದಲ್ಲಿ ಇವರನ್ನು ಗೆದ್ದವರಿಲ್ಲ.

ಅವಳು ಬಿಕ್ರಿಪ್ಟ್ ಸೂಚಿಸಿದಳು. ನೀಲ್ಸ್ ಪ್ರೊವೊಸ್, ಡೇವಿಡ್ ಮಾಜಿಯೆರ್ ಇಬ್ಬರೂ 1999ರಲ್ಲಿ ಬೇಕೆಂದೇ ನಿಧಾನ ಮಾಡಿಟ್ಟ ವಿಧಾನ. ಒಬ್ಬೊಬ್ಬರಿಗೆ ಒಂದೊಂದು ಸಾಲ್ಟ್. ಕಾಸ್ಟ್ ಒಂದಂಕ ಏರಿಸಿದರೆ ಕೆಲಸ ಇಮ್ಮಡಿ. ನಿಧಾನ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಹೇಬರಿಗೆ ಮೈಯೆಲ್ಲ ಉರಿಯಿತು. "ನಾನಿಲ್ಲಿ ಮಿಲಿಸೆಕೆಂಡ್ ಉಳಿಸೋಕೆ ಸಾಯ್ತಿದೀನಿ!" (ಇವರದೇ ಹೋಮ್‌ಪೇಜಿನ ಬ್ಯಾನರ್ ಮೂಡುವಷ್ಟರಲ್ಲಿ ಬೈ-ಟೂ ಕಾಫಿ ಮುಗಿದಿರುತ್ತದೆ, ಆ ಮಾತು ಬೇರೆ.)

ಕೊನೆಗೆ ಮಾತು ಕೇಳಿಸಿದ್ದು ದುಡ್ಡು ಕೊಡುವ ಕ್ಲೈಂಟು. ಆಡಿಟ್ ವರದಿಯಲ್ಲಿ ಕೆಂಪು ಗೆರೆ ಕಂಡ ವಾರದಲ್ಲೇ ಬಿಕ್ರಿಪ್ಟ್ ಬಂತು, ಕಾಸ್ಟ್ 12. "ಮೊದಲಿಂದ ನಾನು ಹೇಳ್ತಾನೇ ಇದ್ದೆ, ಸೆಕ್ಯೂರಿಟಿ ಫಸ್ಟ್" ಎಂದು ಸಾಹೇಬರು ಮೀಟಿಂಗಿನಲ್ಲಿ ಸ್ಲೈಡ್ ತೋರಿಸಿದರು. ಚಪ್ಪಾಳೆಯೂ ಬಿತ್ತು.

ಮೀಟಿಂಗ್ ಮುಗಿಸಿ ಹುಡುಗಿ ಪರೀಕ್ಷೆಗೆಂದು ಹೊಸ ಖಾತೆ ತೆರೆದಳು. ಅರೆಕ್ಷಣದಲ್ಲಿ ಸಾಹೇಬರೇ ಬರೆದಿಟ್ಟ ಸ್ವಾಗತದ ಇಮೇಲ್ ಬಂತು: "ನಮಸ್ಕಾರ! ನಿಮ್ಮ ಪಾಸ್‌ವರ್ಡ್ ಕೆಳಗಿದೆ. ದಯವಿಟ್ಟು ಯಾರಿಗೂ ಹೇಳಬೇಡಿ."